ದೂರದ ಗುರಿಗೆ ದುರ್ಬೀನು

ನಮ್ಮ ಬೀದರ ಸೀಮೆಯಲ್ಲಿ ದೂರದರ್ಶಕಕ್ಕೆ ದುರ್ಬೀನು ಎಂದೇ ರೂಢಿಯ ಹೆಸರು. ಪಾರಸಿಯಲ್ಲಿ ‘ದೂರ್’ ಎಂದರೆ ದೂರ, ‘ಬೀನ್’ ಎಂದರೆ ನೋಡುವಂಥದು. ಸಂಸ್ಕೃತದ ‘ದೂರ’ಕ್ಕೂ ಆ ‘ದೂರ್’ಗೂ ಒಡಹುಟ್ಟಿದ ಸಂಬಂಧ. ಇದನ್ನೇ ರೈಫಲಿನ ಬೆನ್ನ ಮೇಲೆ ಕೂರಿಸಿದರೆ ‘ಸ್ಕೋಪ್’ ಎನಿಸುವುದು. ಗುರಿಯಾಟದ ಹವ್ಯಾಸವು ಈಗ ನಮ್ಮ ಊರುಗಳ ತರುಣ ತರುಣಿಯರಲ್ಲಿಯೂ ತಲೆದೋರಿರುವುದರಿಂದ, ಈ ಉಪಕರಣವನ್ನು ಕೊಳ್ಳುವ ಮುನ್ನ ಮನೆಯವರು ಅರಿತಿರಬೇಕಾದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತೇವೆ.

ಯಾವ ಸ್ಕೋಪ್ ಎಂಬುದಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆ, ಸ್ಕೋಪ್ ಬೇಕೇ ಎಂಬುದು. ಭಾಲ್ಕಿಯ ಗೃಹಸ್ಥರೊಬ್ಬರು ಮಗಳ ಹತ್ತು ಮೀಟರಿನ ಏರ್ ರೈಫಲ್ ಅಭ್ಯಾಸಕ್ಕೆಂದು, ಸೋಯಾ ಮಾರಿದ ಹಣದಲ್ಲಿ ಒಂದು ಪಾಲನ್ನು ಸ್ಕೋಪಿಗಾಗಿ ತೆಗೆದಿಟ್ಟಿದ್ದರು. ನಾವು ಬೇಡವೆಂದೆವು. ಏಕೆಂದರೆ ಒಲಿಂಪಿಕ್ಸಿನ 10 ಮೀಟರು ಹಾಗೂ 50 ಮೀಟರು ರೈಫಲ್ ಸ್ಪರ್ಧೆಗಳಲ್ಲಿ ಬಂದೂಕಿಗೆ ದೂರದರ್ಶಕವನ್ನು ಜೋಡಿಸುವುದು ನಿಷಿದ್ಧ. ಸಣ್ಣ ರಂಧ್ರದ ಮೂಲಕ ನೋಡುವ ಪೀಪ್ ಸೈಟ್ ಮಾತ್ರ ಅಲ್ಲಿ ಸಾಧನ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ ಬಿಂದ್ರಾ ಚಿನ್ನ ಗೆದ್ದುದೂ, 2012ರಲ್ಲಿ ಲಂಡನ್ನಿನಲ್ಲಿ ಹೈದರಾಬಾದಿನ ಗಗನ್ ನಾರಂಗ್ ಕಂಚು ಪಡೆದುದೂ, 2024ರಲ್ಲಿ ಪ್ಯಾರಿಸಿನಲ್ಲಿ ಕೊಲ್ಹಾಪುರದ ಕಡೆಯ ಸ್ವಪ್ನಿಲ್ ಕುಸಾಳೆ ಕಂಚು ತಂದುದೂ ಇಂಥ ಸಾಧನದಿಂದಲೇ. ಆ ಹಣವು ಹುಡುಗಿಯ ಜಾಕೆಟ್ಟಿಗೂ ಪೆಲೆಟ್ಟುಗಳಿಗೂ ಸಂದರೆ ಹೆಚ್ಚು ಉಪಯೋಗ. ಸ್ಕೋಪಿನಲ್ಲಿ ಪಳಗಿದ ಕಣ್ಣು ಪೀಪ್ ಸೈಟಿಗೆ ಹೊಸದಾಗಿ ಒಗ್ಗಿಕೊಳ್ಳಬೇಕಾಗುವುದೂ ಒಂದು ನಷ್ಟವೇ.

ಹಾಗಾದರೆ ಸ್ಕೋಪ್ ಎಲ್ಲಿ ಸಲ್ಲುತ್ತದೆ? 300ರಿಂದ 1000 ಗಜಗಳವರೆಗಿನ ‘ಎಫ್ ಕ್ಲಾಸ್’ ಎಂಬ ಆಟದಲ್ಲಿ. ಇದಕ್ಕೆ ನಾಂದಿ ಹಾಡಿದವನು ಕೆನಡಾದ ಜಾರ್ಜ್ ಫರ್ಕ್ವಾರ್ಸನ್. ಅವನ ಹೆಸರಿನ ಮೊದಲಕ್ಷರವೇ ಆಟಕ್ಕೆ ಹೆಸರಾಗಿದೆ. ಹೊರದೇಶಗಳಲ್ಲಿ ನೆಲಸಿರುವ ನಮ್ಮವರಲ್ಲಿ ಇದನ್ನು ಆಡಬಯಸುವವರಿಗೆ ಮುಂದಿನ ಮಾತು.

ಅಂಗಡಿಯವನು ಮೊದಲು ಹೇಳುವುದು ವರ್ಧನಶಕ್ತಿಯನ್ನು: ಇಪ್ಪತ್ತೈದು ಪಟ್ಟು, ಐವತ್ತು ಪಟ್ಟು ಎಂದು. ಅದಕ್ಕೆ ಮರುಳಾಗಬಾರದು. ಮುಂದಿನ ಮಸೂರದ ವ್ಯಾಸವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಿರಣಪುಂಜದ ವ್ಯಾಸ ದೊರೆಯುತ್ತದೆ. 50 ಮಿಲಿಮೀಟರಿನ ಮಸೂರಕ್ಕೆ 25 ಪಟ್ಟಿನಲ್ಲಿ ಅದು 2 ಮಿಲಿಮೀಟರು. 50 ಪಟ್ಟಿನಲ್ಲಿ ಕೇವಲ 1. ಚಿತ್ರ ದೊಡ್ಡದಾದಷ್ಟೂ ಮಂಕಾಗುವುದು, ನಾಡಿಯ ಬಡಿತವೂ ಗುರಿಯ ಮೇಲೆ ಕುಣಿಯುವುದು.

ಪಟ್ಟಿಗಿಂತ ಮುಖ್ಯವಾದುದು ತಿರುಗುಣಿಗಳ ಪ್ರಾಮಾಣಿಕತೆ. .308 ರೈಫಲಿನ ಗುಂಡು ಸಾವಿರ ಗಜ ಸಾಗುವಷ್ಟರಲ್ಲಿ ಹೆಚ್ಚುಕಡಮೆ 10 ಮೀಟರು ಕೆಳಗಿಳಿಯುತ್ತದೆ. ಅದನ್ನು ಸರಿತೂಗಿಸಲು ಮೇಲಿನ ತಿರುಗುಣಿಯನ್ನು ‘ಕ್ಲಿಕ್’ ‘ಕ್ಲಿಕ್’ ಎಂದು ತಿರುಗಿಸಬೇಕು. ಒಂದೊಂದು ಕ್ಲಿಕ್ಕೂ ಸಾಮಾನ್ಯವಾಗಿ ಕಲೆಯ ಕಾಲುಭಾಗ. ಕಲೆಯೆಂದರೆ ಅಂಶದ ಅರವತ್ತರಲ್ಲೊಂದು, ನಮ್ಮ ಜ್ಯೋತಿಷಿಗಳು ಗ್ರಹಗತಿಗೆ ಬಳಸುವ ಅದೇ ಕಲೆ. ಸಾವಿರ ಗಜದಲ್ಲಿ ಒಂದು ಕಲೆ 26 ಸೆಂಟಿಮೀಟರಿಗೂ ಮಿಕ್ಕು. ಆದುದರಿಂದ ಒಟ್ಟು ಎಷ್ಟು ಕಲೆ ಏರುವ ಅವಕಾಶವಿದೆಯೆಂದು ಕೇಳಿಕೊಳ್ಳಬೇಕು. ಸಾಲದಿದ್ದರೆ ಗುರಿಗೆ ಮುಟ್ಟುವ ಮೊದಲೇ ತಿರುಗುಣಿ ಮುಗಿದುಹೋಗುವುದು. ಬಳಿಕ ನಲವತ್ತು ಕ್ಲಿಕ್ ಮೇಲಕ್ಕೆ, ನಲವತ್ತು ಬಲಕ್ಕೆ, ಅಷ್ಟೇ ಕೆಳಕ್ಕೆ, ಅಷ್ಟೇ ಎಡಕ್ಕೆ ತಿರುಗಿಸಿ ನೋಡಬೇಕು. ಗುರಿಗೆರೆಗಳು ಹೊರಟಲ್ಲಿಗೇ ಮರಳದಿದ್ದರೆ ಆ ಸ್ಕೋಪು ಎಷ್ಟು ಅಗ್ಗವಾದರೂ ದುಬಾರಿಯೇ. ಬಂದೂಕನ್ನು ಅಲುಗಿಸದೆ ತಲೆಯನ್ನು ಮಾತ್ರ ಆಚೀಚೆ ಸರಿಸಿದಾಗ ಗೆರೆಗಳು ಗುರಿಯ ಮೇಲೆ ಜಾರಿದರೆ ಅದು ‘ಪ್ಯಾರಲಾಕ್ಸ್’ ದೋಷ. ಇದನ್ನು ದೂರಕ್ಕೆ ತಕ್ಕಂತೆ ತಿದ್ದುವ ಗುಂಡಿ ಇರಲೇಬೇಕು.

ಇಷ್ಟಾದರೂ ನಡುವಣ ಗಾಳಿಗೆ ಮದ್ದಿಲ್ಲ. ವೈಶಾಖದ ಮಧ್ಯಾಹ್ನ ಔರಾದದ ಎರೆಹೊಲದ ಅಂಚಿನಲ್ಲಿ ನಿಂತು ದೂರದ ಜಾಲಿಯ ಗಿಡವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾದ ನೆಲದ ಮೇಲಣ ಗಾಳಿ ಅಲೆಯಲೆಯಾಗಿ ಏಳುವಾಗ ಗಿಡವೇ ಈಜುವಂತೆ ತೋರುತ್ತದೆ. ಐವತ್ತು ಪಟ್ಟಿನ ಗಾಜು ಈ ಈಜನ್ನೂ ಐವತ್ತು ಪಟ್ಟು ಮಾಡಿ ತೋರಿಸುವುದು. ನುರಿತವರು ಆಗ ಪಟ್ಟನ್ನು ಇಳಿಸುತ್ತಾರೆ. ಅಲೆ ಯಾವ ಕಡೆಗೆ ಹರಿಯುತ್ತಿದೆಯೆಂದು ನೋಡಿ ಗಾಳಿಯ ದಿಕ್ಕನ್ನೂ ಊಹಿಸುತ್ತಾರೆ.

ಈ ಗಾಳಿಯನ್ನು ಓದುವುದಕ್ಕೂ, ಬಿದ್ದ ಗುಂಡನ್ನು ಕಾಣುವುದಕ್ಕೂ, ಬಂದೂಕಿಗೆ ಜೋಡಿಸದೆ ಮುಕ್ಕಾಲಿಯ ಮೇಲಿಡುವ ದುರ್ಬೀನು ಬೇರೊಂದುಂಟು. 50 ಮೀಟರಿನ ಸ್ಪರ್ಧೆಯಲ್ಲಿ ಇದಕ್ಕೆ ಅಡ್ಡಿಯಿಲ್ಲ. ನಮ್ಮ ಕಡೆಯ ಮನೆಗಳು ಒಂದನ್ನು ಕೊಳ್ಳುವುದಾದರೆ ಇದನ್ನೇ ಕೊಳ್ಳಲೆಂಬುದು ನಮ್ಮ ಮತ. ಗಾಜಿನ ಪರೀಕ್ಷೆಗೆ ಬೀದರಿನವರು ದೂರ ಹೋಗಬೇಕಾಗಿಲ್ಲ. 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸೆಯ ಉಳಿದಿರುವ ಒಂದೇ ಮಿನಾರಿನಲ್ಲಿ ಬಣ್ಣದ ಹೆಂಚುಗಳು ಇಂದಿಗೂ ಇವೆ. ಸೂರ್ಯನು ಬೆನ್ನ ಹಿಂದಿರುವಾಗ ಹೆಂಚುಗಳ ಅಂಚು ಸ್ಫುಟವಾಗಿ ಕಾಣುವುದೇ, ಬಿಳಿಯ ಆಕಾಶಕ್ಕೆ ತಾಗಿದ ಮಿನಾರಿನ ಅಂಚಿಗೆ ನೇರಳೆ ಇಲ್ಲವೆ ಹಸಿರು ಸೆರಗು ಕಟ್ಟುವುದೇ ಎಂದು ನೋಡಬೇಕು. ಒಳ್ಳೆಯ ಗಾಜಿನಲ್ಲಿ ಆ ಸೆರಗು ಕಂಡೂ ಕಾಣದಂತಿರುವುದು. ಸೂರ್ಯನ ಕಡೆಗೆ ಮಾತ್ರ ಎಂದೂ ತಿರುಗಿಸಕೂಡದು. ಕ್ಷಣಮಾತ್ರದಲ್ಲಿ ಕಣ್ಣು ಹೋದೀತು. ಬಂದೂಕಿನ ಮೇಲಿನ ಸ್ಕೋಪಿನಿಂದ ಊರು, ಜನ, ದನಗಳನ್ನು ನೋಡುವ ಚಪಲ ಅದಕ್ಕಿಂತ ಕೆಟ್ಟದು, ಏಕೆಂದರೆ ಸ್ಕೋಪು ನೋಡಿದತ್ತಲೇ ನಳಿಕೆಯೂ ನೋಡುತ್ತಿರುತ್ತದೆ.

ಔರಾದದ ಕಡೆಯ ಹೊಲಗಳಲ್ಲಿ ಕೃಷ್ಣಮೃಗಗಳು ಮೇಯುತ್ತವೆ. 1972ರ ವನ್ಯಜೀವಿ ಕಾಯಿದೆ ಅವುಗಳಿಗೆ ಪೂರ್ಣ ರಕ್ಷಣೆಯನ್ನಿತ್ತಿದೆ. ಬೆಳೆ ತಿಂದವೆಂದು ಬಂದೂಕೆತ್ತಿದವನಿಗೆ ಸೆರೆಮನೆಯೇ ಗತಿ. ಮುಕ್ಕಾಲಿಯ ದುರ್ಬೀನಿಗೆ ಆ ಭಯವಿಲ್ಲ. ಬೆಳಗಿನ ಏಳು ಗಂಟೆಯೊಳಗೆ, ನೆಲ ಕಾಯುವ ಮುನ್ನ, ಇಪ್ಪತ್ತು ಪಟ್ಟಿನಲ್ಲಿಟ್ಟು ನೋಡಿದರೆ ಗಂಡುಮೃಗದ ಕೊಂಬಿನ ತಿರುಪುಗಳನ್ನು ಮನೆಯ ಮಕ್ಕಳು ಎಣಿಸಬಹುದು.