ಅಂಗೈ ಗಣಕಕ್ಕೆ ಲಿನಕ್ಸ್: ಶುಲ್ಕವಿಲ್ಲದ ತಂತ್ರಾಂಶದ ನಿಜವಾದ ವೆಚ್ಚ

ಅಂಗೈಯಲ್ಲಿ ಹಿಡಿಯಬಹುದಾದ ಗಣಕವನ್ನು ತಯಾರಿಸಲು ಮುಂದಾಗುವ ಉದ್ದಿಮೆದಾರನು ಆರಂಭದಲ್ಲೇ ನಿರ್ಧರಿಸಬೇಕಾದ ಸಂಗತಿಗಳಲ್ಲಿ ಕಾರ್ಯಾಚರಣ ವ್ಯವಸ್ಥೆಯ ಆಯ್ಕೆಯೂ ಒಂದು. 2000ರ ಸುಮಾರಿಗೆ ಈ ಮಾರುಕಟ್ಟೆಯಲ್ಲಿ ಪಾಮ್ ಓಎಸ್ ಹಾಗೂ ಮೈಕ್ರೋಸಾಫ್ಟ್‌ನ ವಿಂಡೋಸ್ ಸಿಇ ಪ್ರಮುಖವಾಗಿದ್ದವು. ಇವುಗಳನ್ನು ಅಳವಡಿಸಲು ತಯಾರಕರು ಪರವಾನಗಿ ಶುಲ್ಕ ತೆರಬೇಕಾಗಿತ್ತು. ಲಿನಕ್ಸ್‌ಗೆ ಅಂತಹ ಶುಲ್ಕವಿಲ್ಲ. ಆದರೆ ಶುಲ್ಕವಿಲ್ಲವೆಂದರೆ ವೆಚ್ಚವಿಲ್ಲವೆಂದು ಅರ್ಥವಲ್ಲ. ಈ ವ್ಯತ್ಯಾಸವನ್ನು ಅರಿಯಲು ಬೆಂಗಳೂರಿನಲ್ಲೇ ರೂಪುಗೊಂಡ ಸಿಂಪ್ಯೂಟರ್‌ಗಿಂತ ಉತ್ತಮ ನಿದರ್ಶನ ಬೇರೊಂದಿಲ್ಲ.

ತಿರುಳು ಮತ್ತು ಮೇಲ್ಪದರ

ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಬಿಡುಗಡೆ ಮಾಡಿದ ಲಿನಕ್ಸ್ ವಾಸ್ತವದಲ್ಲಿ ಕಾರ್ಯಾಚರಣ ವ್ಯವಸ್ಥೆಯ ತಿರುಳು ಮಾತ್ರ. ಸಂಸ್ಕಾರಕ, ಸ್ಮೃತಿ ಮತ್ತು ಇತರ ಬಿಡಿಭಾಗಗಳನ್ನು ನಿಯಂತ್ರಿಸುವುದು ಅದರ ಕೆಲಸ. ಮೇಜಿನ ಗಣಕಕ್ಕಾಗಿ ಹುಟ್ಟಿದ ಈ ತಿರುಳನ್ನು ಅಂಗೈ ಗಣಕಕ್ಕೆ ಹೊಂದಿಸುವಾಗ ಹಲವು ತೊಡಕುಗಳು ಎದುರಾಗುತ್ತವೆ. ಅಂದಿನ ಅಂಗೈ ಗಣಕಗಳಲ್ಲಿ ಹಾರ್ಡ್‌ಡಿಸ್ಕ್ ಇರಲಿಲ್ಲ. ಎಲ್ಲವೂ ಕೆಲವೇ ಮೆಗಾಬೈಟ್‌ಗಳ ಫ್ಲ್ಯಾಶ್ ಸ್ಮೃತಿಯಲ್ಲಿ ಅಡಕವಾಗಬೇಕಿತ್ತು. ಬ್ಯಾಟರಿಯನ್ನು ಮಿತವಾಗಿ ಬಳಸಬೇಕಿತ್ತು. ಕೀಲಿಮಣೆಯ ಬದಲು ಸ್ಪರ್ಶಪರದೆಗೆ ಒಗ್ಗುವ ಮುಖಪುಟ ಬೇಕಿತ್ತು. ತಿರುಳು ಉಚಿತವಾಗಿ ದೊರೆತರೂ ಇವೆಲ್ಲವನ್ನೂ ಯಾರಾದರೂ ಸಂಬಳ ಕೊಟ್ಟು ಬರೆಸಲೇಬೇಕು.

ಕಾಂಪ್ಯಾಕ್ ಸಂಸ್ಥೆಯ ಐಪ್ಯಾಕ್ ವಿಂಡೋಸ್ ಸಿಇಯೊಂದಿಗೆ ಮಾರಾಟವಾಗುತ್ತಿದ್ದರೂ, ಅದೇ ಸಂಸ್ಥೆಯ ಸಂಶೋಧಕರು ಅದರಲ್ಲಿ ಲಿನಕ್ಸ್ ನಡೆಯುವಂತೆ ಮಾಡಿದರು. 2002ರಲ್ಲಿ ಜಪಾನಿನ ಶಾರ್ಪ್ ಸಂಸ್ಥೆಯು ಜೌರಸ್ ಎಸ್‌ಎಲ್-5500 ಮಾದರಿಯನ್ನು ಲಿನಕ್ಸ್ ಸಹಿತವಾಗಿಯೇ ಮಾರುಕಟ್ಟೆಗೆ ತಂದಿತು. ಅದರ ಮುಖಪುಟವು ನಾರ್ವೆಯ ಟ್ರೋಲ್‌ಟೆಕ್ ರೂಪಿಸಿದ ಕ್ಯುಟೋಪಿಯಾ ಆಗಿತ್ತು.

ಬೆಂಗಳೂರಿನ ಪ್ರಯೋಗ

ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಾಗೂ ಎನ್‌ಕೋರ್ ಸಾಫ್ಟ್‌ವೇರ್‌ನ ತಂತ್ರಜ್ಞರು ಸೇರಿ ಸ್ಥಾಪಿಸಿದ ಸಿಂಪ್ಯೂಟರ್ ಟ್ರಸ್ಟ್ 2001ರಲ್ಲಿ ತನ್ನ ಮಾದರಿಯನ್ನು ಪ್ರಕಟಿಸಿತು. ಅದಕ್ಕೆ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ, ಲಿನಕ್ಸ್ ವ್ಯವಸ್ಥೆ ಮತ್ತು ಸ್ಮಾರ್ಟ್ ಕಾರ್ಡ್ ಓದುವ ಸೌಲಭ್ಯವಿತ್ತು. ಒಂದೇ ಯಂತ್ರವನ್ನು ಇಡೀ ಊರು ಹಂಚಿಕೊಂಡು, ಪ್ರತಿಯೊಬ್ಬರೂ ತಮ್ಮ ಮಾಹಿತಿಯನ್ನು ಕಾರ್ಡಿನಲ್ಲಿ ಇಟ್ಟುಕೊಳ್ಳಬಹುದೆಂಬುದು ಇದರ ಹಿಂದಿನ ಚಿಂತನೆ. ಅಕ್ಷರ ಬಾರದವರಿಗಾಗಿ ಪಠ್ಯವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವೂ ಈ ಯೋಜನೆಯಲ್ಲಿ ಹುಟ್ಟಿತು.

ಗುರಿ ಬೆಲೆ ಸುಮಾರು 9,000 ರೂಪಾಯಿ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ತಯಾರಿಸಿದ ‘ಅಮಿಡ’ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಕಪ್ಪು-ಬಿಳುಪು ಪರದೆಯ ಮಾದರಿಯ ಬೆಲೆ ಸುಮಾರು 10,000 ರೂಪಾಯಿ. ವರ್ಣಪರದೆಯದು ಅದರ ಇಮ್ಮಡಿ. ಮಾರಾಟ ನಿರೀಕ್ಷೆಯ ಮಟ್ಟವನ್ನು ಮುಟ್ಟಲಿಲ್ಲ.

ಇದರ ಕಾರಣವನ್ನು ತಂತ್ರಾಂಶದಲ್ಲಿ ಹುಡುಕಬೇಕಾಗಿಲ್ಲ. ಲಿನಕ್ಸ್ ಉಳಿಸಿದ್ದು ಒಂದು ಬಾಬ್ತಿನ ಹಣವನ್ನು ಮಾತ್ರ. ಪರದೆ, ಸಂಸ್ಕಾರಕ, ಸ್ಮೃತಿ ಮೊದಲಾದ ಬಿಡಿಭಾಗಗಳ ಬೆಲೆ ಖರೀದಿಯ ಪ್ರಮಾಣವನ್ನು ಅವಲಂಬಿಸುತ್ತದೆ. ಸಾವಿರಗಳ ಲೆಕ್ಕದಲ್ಲಿ ಕೊಳ್ಳುವವನಿಗೆ ಲಕ್ಷಗಳ ಲೆಕ್ಕದಲ್ಲಿ ಕೊಳ್ಳುವವನ ದರ ದೊರೆಯದು. ಅಷ್ಟರಲ್ಲಿ ಮೊಬೈಲ್ ದೂರವಾಣಿಯೂ ಅಗ್ಗವಾಗಿ ಹಳ್ಳಿಗಳನ್ನು ತಲುಪತೊಡಗಿತ್ತು.

ಪ್ರಮಾಣವೇ ನಿರ್ಣಾಯಕ

ದೊಡ್ಡ ಸಂಸ್ಥೆಗಳಿಗೂ ಈ ಹಾದಿ ಸುಗಮವಾಗಿರಲಿಲ್ಲ. ನೋಕಿಯಾ 2005ರಲ್ಲಿ ಮೇಮೋ ಎಂಬ ಲಿನಕ್ಸ್ ವ್ಯವಸ್ಥೆಯುಳ್ಳ 770 ಮಾದರಿಯನ್ನೂ 2009ರಲ್ಲಿ ಎನ್900 ಮಾದರಿಯನ್ನೂ ತಂದಿತು. ಆದರೆ 2011ರಲ್ಲಿ ತನ್ನ ಮುಖ್ಯ ವ್ಯವಸ್ಥೆಯಾಗಿ ವಿಂಡೋಸ್ ಫೋನನ್ನು ಆರಿಸಿಕೊಂಡಿತು. ಗೆದ್ದದ್ದು 2007ರ ನವೆಂಬರ್‌ನಲ್ಲಿ ಪ್ರಕಟವಾಗಿ 2008ರಲ್ಲಿ ಮೊದಲ ದೂರವಾಣಿಯೊಡನೆ ಮಾರುಕಟ್ಟೆ ಪ್ರವೇಶಿಸಿದ ಆಂಡ್ರಾಯ್ಡ್. ಅದರ ಒಡಲಲ್ಲಿರುವುದೂ ಲಿನಕ್ಸ್ ತಿರುಳೇ. ಅನೇಕ ತಯಾರಕರು ಒಂದೇ ವ್ಯವಸ್ಥೆಯನ್ನು ಹಂಚಿಕೊಂಡದ್ದರಿಂದ ಅನ್ವಯ ತಂತ್ರಾಂಶಗಳನ್ನು ಬರೆಯುವವರಿಗೆ ವಿಶಾಲ ಮಾರುಕಟ್ಟೆ ದೊರೆಯಿತು. ತಂತ್ರಾಂಶಗಳು ಹೆಚ್ಚಿದಂತೆ ಕೊಳ್ಳುವವರೂ ಹೆಚ್ಚಿದರು.

ತಯಾರಕರ ಹೊಣೆ

ಲಿನಕ್ಸ್ ಬಳಸಿ ಬಿಲ್ಲಿಂಗ್ ಯಂತ್ರ, ಮೀಟರ್ ಓದುವ ಉಪಕರಣ ಮುಂತಾದವನ್ನು ತಯಾರಿಸುವ ಸಣ್ಣ ಉದ್ದಿಮೆಗಳು ಪರವಾನಗಿಯ ಷರತ್ತುಗಳನ್ನು ಅರಿತಿರುವುದು ಅಗತ್ಯ. ತಿರುಳು ಜಿಪಿಎಲ್‌ನ ಎರಡನೆಯ ಆವೃತ್ತಿಗೆ ಒಳಪಟ್ಟಿದೆ. ಅದನ್ನು ಯಂತ್ರದಲ್ಲಿಟ್ಟು ಮಾರುವವರು, ತಾವು ಮಾಡಿದ ಮಾರ್ಪಾಡುಗಳೂ ಸೇರಿದಂತೆ, ತಿರುಳಿನ ಮೂಲ ಸಂಕೇತವನ್ನು ಯಂತ್ರದೊಂದಿಗೆ ಕೊಡಬೇಕು. ಇಲ್ಲವೇ ಕನಿಷ್ಠ 3 ವರ್ಷ ಊರ್ಜಿತವಾಗಿರುವ ಲಿಖಿತ ಭರವಸೆ ನೀಡಬೇಕು. ಈ ಷರತ್ತನ್ನು ಪಾಲಿಸದ ಸಂಸ್ಥೆಯೊಂದರ ವಿರುದ್ಧ ಜರ್ಮನಿಯ ಮ್ಯೂನಿಕ್ ನ್ಯಾಯಾಲಯ 2004ರಲ್ಲಿ ತಡೆಯಾಜ್ಞೆ ನೀಡಿತ್ತು. ತಿರುಳಿನ ಮೇಲೆ ಪ್ರತ್ಯೇಕವಾಗಿ ನಡೆಯುವ ಅನ್ವಯ ತಂತ್ರಾಂಶವನ್ನು ಮಾತ್ರ ತಯಾರಕರು ತಮ್ಮದಾಗಿಯೇ ಉಳಿಸಿಕೊಳ್ಳಬಹುದು. ಆಂಡ್ರಾಯ್ಡ್‌ನ ಮೂಲ ಸಂಕೇತ ಮುಕ್ತವಾಗಿದ್ದರೂ ಗೂಗಲ್‌ನ ಪ್ಲೇ ಸ್ಟೋರ್ ಮೊದಲಾದ ಸೇವೆಗಳಿಗೆ ಪ್ರತ್ಯೇಕ ಒಪ್ಪಂದ ಅವಶ್ಯಕವೆಂಬುದನ್ನೂ ಮರೆಯಬಾರದು.

ಸಿಂಪ್ಯೂಟರ್ ಮಾರುಕಟ್ಟೆಯಿಂದ ಮರೆಯಾಯಿತು. ಆದರೆ ‘ಧ್ವನಿ’ ಮುಕ್ತ ತಂತ್ರಾಂಶವಾಗಿದ್ದುದರಿಂದ ಬೇರೆಯವರು ಅದನ್ನು ಮುಂದುವರಿಸಲು ಸಾಧ್ಯವಾಯಿತು. ಮುಕ್ತ ತಂತ್ರಾಂಶದ ನಿಜವಾದ ಲಾಭವಿರುವುದು ಇಲ್ಲಿ: ಒಬ್ಬರ ದುಡಿಮೆ ಅವರ ಯಂತ್ರದೊಂದಿಗೇ ಅಳಿಯುವುದಿಲ್ಲ. ಆದುದರಿಂದ ಲಿನಕ್ಸ್‌ನತ್ತ ನೋಡುವ ಉದ್ದಿಮೆದಾರರು ಉಳಿಯುವ ಶುಲ್ಕವನ್ನಷ್ಟೇ ಲೆಕ್ಕಹಾಕದೆ, ಹೊಂದಾಣಿಕೆಯ ವೆಚ್ಚ, ಮಾರಾಟದ ಪ್ರಮಾಣ ಹಾಗೂ ಮಾರಾಟೋತ್ತರ ಸೇವೆ ಇವು ಮೂರನ್ನೂ ಮೊದಲೇ ತೂಗಿ ನೋಡುವುದು ಒಳಿತು.