ಹಳೆಯ ಬಾಗಿಲು ಇರಲಿ, ಬೀಗದ ಸಿಲಿಂಡರ್ ಬದಲಾಗಲಿ

ಹಳೆಯ ಮನೆ ಕೊಂಡವರು ನೋಂದಣಿ, ಖಾತೆ ವರ್ಗಾವಣೆ, ವಿದ್ಯುತ್ ಮೀಟರಿನ ಹೆಸರು ಬದಲಾವಣೆ ಎಂದು ತಿಂಗಳುಗಟ್ಟಲೆ ಕಚೇರಿಗಳಿಗೆ ಅಲೆಯುತ್ತಾರೆ. ಬಾಡಿಗೆಗೆ ಬಂದವರು ಕರಾರು ಪತ್ರವನ್ನೂ ಮುಂಗಡ ಹಣದ ಲೆಕ್ಕವನ್ನೂ ಎರಡೆರಡು ಬಾರಿ ಓದುತ್ತಾರೆ. ಆದರೆ ಮುಂಬಾಗಿಲಿನ ಬೀಗಕ್ಕೆ ಇದುವರೆಗೆ ಎಷ್ಟು ಕೀಲಿಕೈಗಳು ತಯಾರಾಗಿವೆ, ಅವು ಈಗ ಯಾರ ಬಳಿ ಇವೆ ಎಂದು ಕೇಳುವವರು ವಿರಳ. ಹಿಂದಿನ ಬಾಡಿಗೆದಾರ, ಸುಣ್ಣಬಣ್ಣ ಬಳಿದ ಮೇಸ್ತ್ರಿ, ಮನೆ ತೋರಿಸಿದ ದಲ್ಲಾಳಿ, ಬೆಳಿಗ್ಗೆ ಬಂದು ಹೋಗುತ್ತಿದ್ದ ಮನೆಗೆಲಸದಾಕೆ, ಒಂದು ಕಾಲದಲ್ಲಿ ಮಹಡಿಯ ಮೇಲಿದ್ದ ವಿದ್ಯಾರ್ಥಿಗಳು - ಹೀಗೆ ಪಟ್ಟಿ ಬೆಳೆಯುತ್ತದೆ. ಇವರಲ್ಲಿ ಯಾರೂ ಕಳ್ಳರಾಗಿರಬೇಕಿಲ್ಲ. ಅವರ ಮನೆಯ ಮೇಜಿನ ಖಾನೆಯಲ್ಲಿ ಮರೆತು ಉಳಿದ ಕೈ ಮತ್ತೊಬ್ಬರ ಕೈಸೇರಿದರೆ ಸಾಕು.

ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಕೀಲಿಕೈ ಬಳಸಿ ಒಳಬಂದವನು ಬಾಗಿಲಿನ ಮೇಲೆ ಗುರುತು ಉಳಿಸುವುದಿಲ್ಲ.

ಹೀಗಿದ್ದೂ ಜನ ಹಿಂಜರಿಯುವುದಕ್ಕೆ ಕಾರಣ ಖರ್ಚಿನ ಭಯ. ಬೀಗ ಬದಲಿಸುವುದೆಂದರೆ ಬಡಗಿಯನ್ನು ಕರೆಸಿ, ತೇಗದ ಕದವನ್ನು ಮತ್ತೆ ಕೊರೆಸಿ, ಹಳೆಯ ರಂಧ್ರ ಮುಚ್ಚಿ ಪಾಲಿಶ್ ಹಾಕಿಸುವುದು ಎಂಬ ಎಣಿಕೆ. ಬಹಳಷ್ಟು ಬಾಗಿಲುಗಳಲ್ಲಿ ಇದು ಯಾವುದೂ ಬೇಕಿಲ್ಲ. ಯಾವ ಕೈಗೆ ಬೀಗ ತೆರೆಯಬೇಕು ಎಂಬ ಗುಟ್ಟು ಅಡಗಿರುವುದು ಬೀಗದೊಳಗಿನ ಒಂದು ಸಣ್ಣ ಹಿತ್ತಾಳೆಯ ತುಂಡಿನಲ್ಲಿ. ಅದಕ್ಕೆ ಸಿಲಿಂಡರ್ ಎಂದು ಹೆಸರು. (ಈ ಪದ ಕೇಳಿದೊಡನೆ ಅಡುಗೆ ಅನಿಲ ನೆನಪಾಗುವುದು ಸಹಜ, ಹಾರ್ಡ್‌ವೇರ್ ಅಂಗಡಿಯಲ್ಲಿ ಮಾತ್ರ ಬೇರೆ ಅರ್ಥ.) ಅದೊಂದನ್ನು ಬದಲಿಸಿದರೆ ಹಳೆಯ ಕೈಗಳೆಲ್ಲ ಒಮ್ಮೆಗೇ ನಿರುಪಯುಕ್ತವಾಗುತ್ತವೆ. ಬಾಗಿಲು, ಹಿಡಿಕೆ, ಬೀಗದ ಪೆಟ್ಟಿಗೆ ಹಾಗೆಯೇ ಉಳಿಯುತ್ತವೆ.

ಪಿನ್ನುಗಳ ಲೆಕ್ಕಾಚಾರ

ಸಿಲಿಂಡರಿನ ಒಳಗೆ ತಿರುಗುವ ಒಂದು ತಿರುಳು, ಅದರ ಸುತ್ತ ಅಲುಗಾಡದ ಒಂದು ಕವಚ ಇರುತ್ತವೆ. ಎರಡನ್ನೂ ಹಾದು ಸಾಲಾಗಿ ಐದಾರು ಸಣ್ಣ ರಂಧ್ರಗಳು. ಪ್ರತಿಯೊಂದರಲ್ಲೂ ಎರಡು ತುಂಡಾದ ಪಿನ್ನು, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು. ಕೈ ಹಾಕದಿದ್ದಾಗ ಪಿನ್ನಿನ ಒಂದು ತುಂಡು ಅರ್ಧ ಕವಚದಲ್ಲಿ, ಅರ್ಧ ತಿರುಳಿನಲ್ಲಿ ಅಡ್ಡ ನಿಂತಿರುತ್ತದೆ. ಹಾಗಾಗಿ ತಿರುಳು ತಿರುಗದು. ಸರಿಯಾದ ಕೈ ಒಳಹೊಕ್ಕಾಗ ಅದರ ಹಲ್ಲುಗಳ ಏರಿಳಿತ ಪ್ರತಿ ಪಿನ್ನನ್ನೂ ಬೇಕಾದಷ್ಟೇ ಸರಿಸಿ, ಎರಡು ತುಂಡುಗಳ ನಡುವಿನ ಬಿರುಕನ್ನು ತಿರುಳಿನ ಅಂಚಿಗೆ ಸಮವಾಗಿ ನಿಲ್ಲಿಸುತ್ತದೆ. ಒಂದೇ ಒಂದು ಪಿನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬೀಗ ಜಗ್ಗುವುದಿಲ್ಲ.

ಬೀಳುವ ಪಿನ್ನುಗಳಿಂದ ಅಗುಳಿಯನ್ನು ತಡೆಹಿಡಿಯುವ ಮರದ ಬೀಗ ಪ್ರಾಚೀನ ಈಜಿಪ್ಟಿನಲ್ಲೇ ಇತ್ತು. ಅದನ್ನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಲೋಹದ ಸಿಲಿಂಡರಿಗೆ ಇಳಿಸಿದವನು ಅಮೆರಿಕದ ಲೈನಸ್ ಯೇಲ್ ಜೂನಿಯರ್. 1861ರಲ್ಲಿ ಪೇಟೆಂಟ್ ಪಡೆದು, 1865ರಲ್ಲಿ ಅದನ್ನು ಮತ್ತಷ್ಟು ಸುಧಾರಿಸಿದ. ಭಾರತದಲ್ಲಿ ಅರ್ದೇಶಿರ್ ಗೋದ್ರೆಜ್ ಮುಂಬಯಿಯಲ್ಲಿ ಬೀಗ ತಯಾರಿಕೆ ಆರಂಭಿಸಿದ್ದು 1897ರಲ್ಲಿ.

ಐದು ಪಿನ್ನು, ಪ್ರತಿ ಪಿನ್ನಿಗೆ ಏಳು ಬಗೆಯ ಎತ್ತರ ಎಂದುಕೊಂಡರೆ ಕಾಗದದ ಮೇಲೆ 16,807 ಭಿನ್ನ ಕೈಗಳು ಸಾಧ್ಯ. ತಯಾರಿಕೆಯ ಇತಿಮಿತಿಯಿಂದಾಗಿ ಬಳಕೆಗೆ ಬರುವ ಸಂಖ್ಯೆ ಇದಕ್ಕಿಂತ ಕಡಿಮೆ. ಪಿನ್ನು ಹೆಚ್ಚಿದಷ್ಟೂ, ಒರಟುತನ ಕಡಿಮೆಯಾದಷ್ಟೂ ಭದ್ರತೆ ಹೆಚ್ಚು ಎಂಬುದಷ್ಟೇ ಗ್ರಾಹಕರು ನೆನಪಿಡಬೇಕಾದ ಸೂತ್ರ.

ಬಾಗಿಲಿನಲ್ಲಿರುವುದು ಯಾವ ಬೀಗ?

ಅಂಗಡಿಗೆ ಹೋಗುವ ಮುನ್ನ ಇದನ್ನು ತಿಳಿಯಬೇಕು. ಉದ್ದನೆಯ ದುಂಡು ಕಡ್ಡಿ, ತುದಿಯಲ್ಲಿ ಬಾವುಟದಂಥ ಹಲ್ಲು ಇರುವ ಕೈ ಬಳಕೆಯಲ್ಲಿದ್ದರೆ ಅದು ಲಿವರ್ ಬೀಗ. ಅದರಲ್ಲಿ ಸಿಲಿಂಡರ್ ಇರುವುದೇ ಇಲ್ಲ. ಒಳಗಿನ ಲಿವರ್‌ಗಳನ್ನು ಬದಲಿಸಿಕೊಡುವ ನುರಿತ ಕೆಲಸಗಾರ ಸಿಗದಿದ್ದರೆ ಅದೇ ಅಳತೆಯ ಹೊಸ ಬೀಗವನ್ನೇ ಕೂರಿಸಬೇಕಾಗುತ್ತದೆ. ಚಪ್ಪಟೆ ಕೈಯಿದ್ದು, ಬೀಗದ ಪೆಟ್ಟಿಗೆ ಕದದ ದಪ್ಪದೊಳಗೆ ಹುದುಗಿದ್ದರೆ ಅದು ಸಿಲಿಂಡರ್ ಇರುವ ಮಾರ್ಟಿಸ್ ಬೀಗ. ಪೆಟ್ಟಿಗೆ ಒಳಬದಿಯಲ್ಲಿ ಕದದ ಮೇಲೆಯೇ ಕೂತಿದ್ದು, ಹೊರಗೆ ದುಂಡನೆಯ ಹಿತ್ತಾಳೆಯ ಮುಖ ಮಾತ್ರ ಕಾಣುತ್ತಿದ್ದರೆ ಅದು ನೈಟ್ ಲ್ಯಾಚ್.

ಇನ್ನೊಂದು ಪರೀಕ್ಷೆಯನ್ನೂ ಮಾಡಬೇಕು. ಬಾಗಿಲು ತೆರೆದಿಟ್ಟು ಕೈ ತಿರುಗಿಸಬೇಕು. ತೆರೆದಾಗ ಸರಾಗವಾಗಿ ತಿರುಗಿ, ಮುಚ್ಚಿದಾಗ ಮಾತ್ರ ಬಿಗಿಯಾದರೆ ದೋಷ ಸಿಲಿಂಡರಿನದಲ್ಲ, ಬಾಗಿಲಿನದು. ಹಳೆಯ ಕದಗಳು ತಮ್ಮ ಭಾರಕ್ಕೆ ತಾವೇ ಜೋತುಬೀಳುತ್ತವೆ. ಬಿಜಾಗರಿಯ ಸ್ಕ್ರೂಗಳು ಸಡಿಲವಾಗುತ್ತವೆ. ಮಲೆನಾಡು, ಕರಾವಳಿಯಲ್ಲಿ ಜೂನ್ ಕಳೆಯುವಷ್ಟರಲ್ಲಿ ಮರ ತೇವ ಹೀರಿ ಉಬ್ಬುತ್ತದೆ. ಆಗ ಬೀಗದ ನಾಲಗೆ ಚೌಕಟ್ಟಿನ ಗೂಡಿಗೆ ನೇರವಾಗಿ ಹೋಗದೆ ಅಂಚಿಗೆ ತಾಗುತ್ತದೆ. ನಾಲಗೆಗೆ ಸೀಮೆಸುಣ್ಣ ಬಳಿದು ಬಾಗಿಲು ಹಾಕಿ ಬೀಗ ತಿರುಗಿಸಿದರೆ ಎಲ್ಲಿ ತಾಗುತ್ತಿದೆ ಎಂಬುದು ಚೌಕಟ್ಟಿನ ತಗಡಿನ ಮೇಲೆ ಅಚ್ಚೊತ್ತುತ್ತದೆ. ಅಲ್ಲಿ ಸ್ವಲ್ಪ ಅರ ಹಾಕಿದರೆ, ಇಲ್ಲವೇ ಬಿಜಾಗರಿ ಬಿಗಿ ಮಾಡಿದರೆ ಕೆಲಸ ಮುಗಿಯಿತು. ಇದನ್ನು ನೋಡದೆ ಹೊಸ ಸಿಲಿಂಡರ್ ಹಾಕಿದವರು ಕೆಲವೇ ತಿಂಗಳಲ್ಲಿ ಅದರೊಳಗೂ ಕೈ ಮುರಿದುಕೊಂಡರೆ ಆಶ್ಚರ್ಯವಿಲ್ಲ.

ಬಿಗಿಯಾದ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದ ಅಭ್ಯಾಸ. ಒಂದೆರಡು ದಿನ ಅದು ಮಾಯೆಯಂತೆ ಕೆಲಸ ಮಾಡುತ್ತದೆ ನಿಜ. ಆಮೇಲೆ ಧೂಳು ಅಂಟಿ, ಎಣ್ಣೆ ಗಟ್ಟಿಯಾಗಿ ಪಿನ್ನುಗಳು ಸಿಕ್ಕಿಕೊಳ್ಳುತ್ತವೆ. ಗ್ರಾಫೈಟ್ ಪುಡಿಯಂಥ ಒಣ ಪದಾರ್ಥವೇ ಸಿಲಿಂಡರಿಗೆ ಯೋಗ್ಯ.

ಅಳತೆಯಲ್ಲಿದೆ ಅರ್ಧ ಕೆಲಸ

ಮಾರ್ಟಿಸ್ ಬೀಗಗಳಲ್ಲಿ ಇಂದು ಹೆಚ್ಚು ಕಾಣುವುದು ಯೂರೋ ಪ್ರೊಫೈಲ್ ಎಂಬ ಆಕಾರದ ಸಿಲಿಂಡರ್. ಮೇಲೆ ದುಂಡಗೆ, ಕೆಳಗೆ ಬಾಲದಂತೆ ಇಳಿದಿರುವ ಇದರ ಎತ್ತರ 33 ಮಿ.ಮೀ., ದುಂಡು ಭಾಗದ ವ್ಯಾಸ 17 ಮಿ.ಮೀ. ಈ ಎರಡು ಅಳತೆಗಳು ಎಲ್ಲ ಕಂಪನಿಗಳಲ್ಲೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಒಂದು ಕಂಪನಿಯ ಬೀಗಕ್ಕೆ ಇನ್ನೊಂದು ಕಂಪನಿಯ ಸಿಲಿಂಡರ್ ಹೊಂದುವುದುಂಟು. ಬದಲಾಗುವುದು ಉದ್ದ.

ಉದ್ದವನ್ನು ಒಂದೇ ಸಂಖ್ಯೆಯಲ್ಲಿ ಹೇಳಿದರೆ ಸಾಲದು. ಸಿಲಿಂಡರಿನ ಕೆಳಭಾಗದಲ್ಲಿ ಸ್ಕ್ರೂ ಹೋಗುವ ರಂಧ್ರವಿದೆ. ಅದರ ನಡುವಿನಿಂದ ಹೊರತುದಿಗೆ ಎಷ್ಟು, ಒಳತುದಿಗೆ ಎಷ್ಟು ಎಂದು ಬೇರೆಬೇರೆಯಾಗಿ ಅಳೆಯಬೇಕು. ಎರಡೂ ಕಡೆ 30 ಇದ್ದರೆ 60 ಮಿ.ಮೀ. ಸಿಲಿಂಡರ್. ಹಳೆಯ ಕದಗಳು ದಪ್ಪನಾಗಿರುವುದರಿಂದ, ಅಲಂಕಾರದ ಪಟ್ಟಿ ಒಂದೇ ಬದಿಗೆ ಇರುವುದರಿಂದ 30 ಮತ್ತು 40ರಂತೆ ಅಸಮವಾಗಿಯೂ ಇರಬಹುದು. ಹಳೆಯದನ್ನೇ ಬಿಚ್ಚಿ ಅಂಗಡಿಗೆ ಒಯ್ಯುವುದು ಎಲ್ಲಕ್ಕಿಂತ ಸುಲಭ. ಅಷ್ಟು ಹೊತ್ತು ಮನೆಯಲ್ಲಿ ಯಾರಾದರೂ ಇರಬೇಕು.

ಹೊರಬದಿಯ ತುದಿ ಹಿಡಿಕೆಯ ತಗಡಿಗೆ ಸಮವಾಗಿರಬೇಕು. ಎರಡು ಮೂರು ಮಿ.ಮೀ. ಚಾಚಿದ್ದರೆ ಅಡ್ಡಿಯಿಲ್ಲ, ಅದಕ್ಕಿಂತ ಹೆಚ್ಚು ಬೇಡ. ಸಿಲಿಂಡರಿನ ಅತಿ ತೆಳುವಾದ ಜಾಗ ಆ ಸ್ಕ್ರೂ ರಂಧ್ರದ ಸುತ್ತಲಿನದು. ಹೊರಗೆ ಚಾಚಿದ ತುದಿಯನ್ನು ಇಕ್ಕಳದಿಂದ ಹಿಡಿದು ಮುರಿದರೆ ತುಂಡಾಗುವುದು ಅಲ್ಲಿಯೇ; ಆಮೇಲೆ ಬೀಗ ತೆರೆಯಲು ಕೈ ಬೇಕಾಗುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಉದ್ದ ಹೆಚ್ಚಿರುವ ಸಿಲಿಂಡರ್ ತಂದು ಕೂರಿಸುವವರು ಕಳ್ಳನಿಗೆ ಹಿಡಿಕೆ ಒದಗಿಸಿದಂತೆ.

ಬಿಚ್ಚುವುದು, ಕೂರಿಸುವುದು

ಬಾಗಿಲು ತೆರೆದಿಟ್ಟು ಕದದ ಅಂಚನ್ನು ನೋಡಿದರೆ ಬೀಗದ ಉದ್ದನೆಯ ತಗಡು ಕಾಣುತ್ತದೆ. ಅದರ ಮೇಲ್ತುದಿ, ಕೆಳತುದಿಯ ಸ್ಕ್ರೂಗಳು ಪೆಟ್ಟಿಗೆಯನ್ನು ಹಿಡಿದಿರುವಂಥವು, ಅವುಗಳನ್ನು ಮುಟ್ಟಬಾರದು. ಕೈ ಹಾಕುವ ರಂಧ್ರದ ಮಟ್ಟಕ್ಕೆ ಇರುವ ಒಂಟಿ ಸ್ಕ್ರೂ ಸಿಲಿಂಡರಿನದು. ಹಲವು ಬಾರಿ ಅದರ ತಲೆಯ ಮೇಲೆ ಬಣ್ಣ ಕೂತಿರುತ್ತದೆ. ಮೊದಲು ಬಣ್ಣ ಕೆರೆದು, ಸರಿಯಾದ ಅಳತೆಯ ಸ್ಕ್ರೂ ಡ್ರೈವರಿನಿಂದ ಪೂರ್ತಿ ಹೊರತೆಗೆಯಬೇಕು.

ಸ್ಕ್ರೂ ತೆಗೆದೊಡನೆ ಸಿಲಿಂಡರ್ ಹೊರಬರುವುದಿಲ್ಲ. ಗಾಬರಿಯಾಗಿ ಸುತ್ತಿಗೆ ಹಿಡಿಯುವವರು ಇಲ್ಲಿಯೇ ಎಡವುತ್ತಾರೆ. ಸಿಲಿಂಡರಿನ ನಡುವೆ ಹಲ್ಲಿನಂತೆ ಚಾಚಿದ ಒಂದು ತುಂಡಿದೆ; ನಾಲಗೆಯನ್ನು ಹಿಂದೆ ಮುಂದೆ ತಳ್ಳುವುದು ಅದೇ. ಅದು ಕವಚದ ಸಾಲಿಗೆ ಬಂದಾಗ ಮಾತ್ರ ಇಡೀ ತುಂಡು ಜಾರುತ್ತದೆ. ಕೈ ಹಾಕಿ ಎಡಕ್ಕೋ ಬಲಕ್ಕೋ 10ರಿಂದ 15 ಡಿಗ್ರಿಯಷ್ಟು ತಿರುಗಿಸುತ್ತ ಮೆಲ್ಲನೆ ಎಳೆದರೆ ಒಂದು ಹಂತದಲ್ಲಿ ತಾನಾಗಿ ಹೊರಬರುತ್ತದೆ. ಹೊಸದನ್ನು ಅದೇ ರೀತಿ ಒಳತಳ್ಳಿ, ರಂಧ್ರ ಹೊಂದಿಸಿ, ಸ್ಕ್ರೂ ಹಾಕಬೇಕು. ಬಲಪ್ರಯೋಗ ಮಾಡಿ ಬಿಗಿದರೆ ತಿರುಳಿನ ಮೇಲೆ ಒತ್ತಡ ಬಿದ್ದು ಕೈ ಗಡುಸಾಗುತ್ತದೆ. ಬಾಗಿಲು ತೆರೆದಿರುವಾಗಲೇ ಒಳಗಿನಿಂದಲೂ ಹೊರಗಿನಿಂದಲೂ, ಕೊಟ್ಟಿರುವ ಎಲ್ಲ ಕೈಗಳನ್ನೂ ಪರೀಕ್ಷಿಸಿದ ಬಳಿಕವೇ ಬಾಗಿಲು ಮುಚ್ಚಬೇಕು.

ಹಳೆಯ ಕೈ ಒಂದೂ ಇಲ್ಲವೆಂದಾದರೆ ಈ ವಿಧಾನ ನಡೆಯದು. ಸಿಲಿಂಡರನ್ನು ಕೊರೆದು ತೆಗೆಯಬೇಕಾದೀತು. ಅದು ಬೀಗ ರಿಪೇರಿಯವರ ಕೆಲಸ.

ನೈಟ್ ಲ್ಯಾಚಿನಲ್ಲಿ ಕ್ರಮ ಬೇರೆ. ಒಳಗಿನ ಪೆಟ್ಟಿಗೆಯನ್ನು ಬಿಚ್ಚಿದರೆ ಹಿಂದೆ ಒಂದು ತಗಡು, ಅದರಿಂದ ಸಿಲಿಂಡರಿಗೆ ಹೋಗುವ ಎರಡು ಉದ್ದನೆಯ ಸ್ಕ್ರೂ ಕಾಣುತ್ತವೆ. ಅವನ್ನು ತೆಗೆದರೆ ಸಿಲಿಂಡರ್ ಹೊರಗಡೆಯಿಂದ ಕೈಗೆ ಬರುತ್ತದೆ. ಹೊಸದರ ಹಿಂದೆ ಇರುವ ಚಪ್ಪಟೆ ಪಟ್ಟಿಯನ್ನೂ ಸ್ಕ್ರೂಗಳನ್ನೂ ಕದದ ದಪ್ಪಕ್ಕೆ ತಕ್ಕಂತೆ ಗುರುತಿನ ಗೆರೆಯಲ್ಲಿ ಕತ್ತರಿಸಿಕೊಳ್ಳಬೇಕು. ಹಳೆಯದರ ಪಕ್ಕ ಇಟ್ಟು ನೋಡಿಯೇ ಕತ್ತರಿಸುವುದು ಲೇಸು. ಗಿಡ್ಡವಾದ ಪಟ್ಟಿ ಪೆಟ್ಟಿಗೆಯನ್ನು ಮುಟ್ಟುವುದೇ ಇಲ್ಲ.

ಒಳಗೆ ಕೈಯೋ, ಗುಬುಟೋ?

ಇದು ಅಂಗಡಿಯವರು ಕೇಳುವ ಪ್ರಶ್ನೆ, ಮನೆಯವರು ಯೋಚಿಸದೆ ಉತ್ತರಿಸುವ ಪ್ರಶ್ನೆ. ಎರಡೂ ಕಡೆ ಕೈ ಹಾಕುವ ಸಿಲಿಂಡರಿನಲ್ಲಿ ಎರಡು ಅಪಾಯಗಳಿವೆ. ಒಳಗಡೆ ಕೈ ಬಿಟ್ಟು ತಿರುಗಿಸಿದ್ದರೆ ಸಾಮಾನ್ಯ ಸಿಲಿಂಡರುಗಳಲ್ಲಿ ಹೊರಗಿನಿಂದ ಕೈ ಹಿಡಿಸದು. ಒಂಟಿಯಾಗಿರುವ ವೃದ್ಧರು ರಾತ್ರಿ ಸ್ನಾನದ ಮನೆಯಲ್ಲಿ ಬಿದ್ದರೆ, ಮಗನ ಬಳಿ ಕೈ ಇದ್ದರೂ ಬಾಗಿಲು ಒಡೆಯಬೇಕಾಗುತ್ತದೆ. ಎರಡನೆಯದು ಬೆಂಕಿ. ಹೊಗೆ ತುಂಬಿದ ಕತ್ತಲಲ್ಲಿ ಮೊಳೆಗೆ ತೂಗುಹಾಕಿದ ಕೈಯನ್ನು ಹುಡುಕುವಷ್ಟು ಸಮಯವಿರುವುದಿಲ್ಲ. ಒಳಬದಿಗೆ ತಿರುಗಿಸುವ ಗುಬುಟು ಇರುವ ಸಿಲಿಂಡರಿನಲ್ಲಿ ಈ ತೊಂದರೆಗಳಿಲ್ಲ. ಹೆಚ್ಚಿನ ಮನೆಗಳಿಗೆ ಅದೇ ಸೂಕ್ತ.

ಆದರೆ ಮುಂಬಾಗಿಲ ಪಕ್ಕದಲ್ಲೇ ಸರಳಿನ ಕಿಟಕಿಯಿರುವ ಮನೆಗಳು ನಮ್ಮಲ್ಲಿ ಅಸಂಖ್ಯ. ಗಾಳಿಗೆಂದು ತೆರೆದಿಟ್ಟ ಕಿಟಕಿಯಿಂದ ತೋಳು ಚಾಚಿದರೆ ಗುಬುಟು ಸಿಗುವಂತಿದ್ದರೆ ಬೀಗ ಇದ್ದೂ ಇಲ್ಲದಂತೆ. ಕಿಟಕಿಗೆ ಜಾಲರಿ ಬಡಿಸುವುದು ಇದಕ್ಕೆ ಸರಳ ಪರಿಹಾರ. ಒಳಗೆ ಕೈ ಇದ್ದರೂ ಹೊರಗಿನಿಂದ ತೆರೆಯಬಲ್ಲ ಸಿಲಿಂಡರುಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ, ಕೇಳಿ ಪಡೆಯಬೇಕು.

ಬಾಡಿಗೆದಾರರು ಮಾಲೀಕರಿಗೆ ತಿಳಿಸಿಯೇ ಬದಲಿಸುವುದು ಸರಿಯಾದ ಕ್ರಮ. ತೆಗೆದ ಸಿಲಿಂಡರನ್ನು ಅದರ ಕೈಗಳೊಂದಿಗೆ ಕಟ್ಟಿಟ್ಟರೆ ಮನೆ ಬಿಡುವಾಗ ಮತ್ತೆ ಕೂರಿಸಿ, ತಮ್ಮದನ್ನು ಮುಂದಿನ ಮನೆಗೆ ಒಯ್ಯಬಹುದು; ಅಳತೆ ಹೊಂದಬೇಕಷ್ಟೆ. ಹೊಸ ಸಿಲಿಂಡರಿನೊಂದಿಗೆ ಸಂಖ್ಯೆ ಇರುವ ಕಾರ್ಡ್ ಬಂದಿದ್ದರೆ ಅದನ್ನು ಕೈಗೊಂಚಲಿನಲ್ಲಿ ಸಿಕ್ಕಿಸಬಾರದು. ಆ ಸಂಖ್ಯೆ ತಿಳಿದವರಿಗೆ ನಕಲು ಮಾಡಿಸುವ ದಾರಿ ತೆರೆದಂತೆ. ಬ್ಯಾಂಕ್ ಪಾಸ್‌ಬುಕ್, ಮನೆ ಪತ್ರಗಳು ಇರುವ ಜಾಗವೇ ಅದಕ್ಕೂ ತಕ್ಕುದು.