ಅಡಿಕೆಯ ಕೊಳೆರೋಗವೂ ಬೋರ್ಡೋ ದ್ರಾವಣವೂ

ಮಳೆಗಾಲದಲ್ಲಿ ಎಳೆಯ ಅಡಿಕೆಕಾಯಿಗಳು ಕೊಳೆತು ಉದುರುವುದಕ್ಕೆ ಮಳೆಯೇ ಕಾರಣವೆಂದು ತೋರುವುದು ಸಹಜ. ಆದರೆ ಇದು ಫೈಟಾಫ್ತೊರ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಯ ಕೃತ್ಯವೆಂಬುದು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರು 1910ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ವಿದಿತವಾಯಿತು. ಮಳೆಯು ಅದನ್ನು ಗೊನೆಯಿಂದ ಗೊನೆಗೆ ಸಾಗಿಸುವ ವಾಹನವಷ್ಟೆ.

ಅವರು ಸೂಚಿಸಿದ ಬೋರ್ಡೋ ದ್ರಾವಣವೇ ಇಂದಿಗೂ ಮುಖ್ಯ ಆಧಾರ. ಮೈಲುತುತ್ತ 1 ಕಿಲೋ, ಒಳ್ಳೆಯ ಸುಣ್ಣ 1 ಕಿಲೋ, ಇವನ್ನು ತಲಾ 50 ಲೀಟರು ನೀರಿನಲ್ಲಿ ಪ್ರತ್ಯೇಕವಾಗಿ ಕಲಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯತಕ್ಕದ್ದು. ಅದ್ದಿದ ಕಬ್ಬಿಣದ ಚೂರಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿಯಬೇಕು. ಮಳೆ ಹಿಡಿಯುವುದಕ್ಕೆ ಮುಂಚೆ ಒಮ್ಮೆ, 40–45 ದಿನಗಳ ತರುವಾಯ ಇನ್ನೊಮ್ಮೆ ಗೊನೆಗಳು ಪೂರ್ಣವಾಗಿ ನೆನೆಯುವಂತೆ ಸಿಂಪಡಿಸಬೇಕು.

ಉದುರಿದ ಕಾಯಿಗಳನ್ನು ಆಯ್ದು ಸುಡದ ಒಂದೇ ತೋಟದಿಂದ ರೋಗವು ನೆರೆಯವರ ಖರ್ಚನ್ನೂ ವ್ಯರ್ಥಗೊಳಿಸಬಲ್ಲದು. ಆದ್ದರಿಂದ ಊರಿನ ಯಜಮಾನರು ಎಲ್ಲ ತೋಟಗಳಲ್ಲಿಯೂ ಏಕಕಾಲಕ್ಕೆ ಸಿಂಪರಣೆ ನಡೆಯುವಂತೆ ಏರ್ಪಡಿಸುವುದು ಉಚಿತ.